ಎಡಗಿವಿಗೆ ಬಿದ್ದ ಮಾತು

ಮಾತಾಡುವವರಿಗೆ ಮಾವ ಎಂದೂ ನೇರವಾಗಿ ಮುಖ ಕೊಡುತ್ತಿರಲಿಲ್ಲ. ಗದ್ದವನ್ನು ಸ್ವಲ್ಪ ಮೇಲೆತ್ತಿ, ಕತ್ತನ್ನು ಎಡಕ್ಕೆ ಹೊರಳಿಸಿ, ಬಲಗಿವಿಯನ್ನು ಮುಂದೆ ಮಾಡಿಕೊಂಡು ನಿಲ್ಲುತ್ತಿದ್ದರು. ಆರಡಿ ಮೀರಿದ ಎತ್ತರ, ಕಪ್ಪು ಫ್ರೇಮಿನ ಕನ್ನಡಕ, ಮೇಲಿನ ಗುಂಡಿಯವರೆಗೂ ಹಾಕಿದ ಅಂಗಿ. ಮೊದಲ ಸಲ ನೋಡಿದವರಿಗೆ ಏನು ಗತ್ತಪ್ಪಾ ಈ ಮನುಷ್ಯನಿಗೆ ಅನ್ನಿಸದೆ ಇರುತ್ತಿರಲಿಲ್ಲ. ನನಗೂ ಹಾಗೇ ಅನ್ನಿಸಿತ್ತು. ಬಂದರಿನ ಹೂಳೆತ್ತುವ ಹಡಗುಗಳಲ್ಲಿ ಎಂಜಿನಿಯರಾಗಿ, ಎಂಜಿನ್ನಿನ ಪಕ್ಕ ವರ್ಷಗಟ್ಟಲೆ ನಿಂತು ಅವರ ಎಡಗಿವಿ ಪೂರ್ತಿ ಹೋಗಿದೆ ಎಂದು ಅತ್ತೆ ಹೇಳಿದ ಮೇಲೆ ಆ ಗತ್ತು ಕರಗಿತು.

ಸಂಬಂಧದಲ್ಲಿ ಅವರು ನನಗೆ ಮಾವನೂ ಅಲ್ಲ, ಅವರ ಹೆಂಡತಿ ಅತ್ತೆಯೂ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಾರಿ ತಪ್ಪುತ್ತವೆ ಎಂಬ ಭಯ ಜಗತ್ತಿಗೆಲ್ಲ ಹಿಡಿದಿತ್ತು. ಆ ಭಯದ ದೆಸೆಯಿಂದಲೇ ಮೈಸೂರಿನ ನಾನು ಡಚ್ಚರ ನಾಡಿನ ದ ಹೇಗ್‌ನ ಒಂದು ಆಫೀಸಿಗೆ ಕೆಲಸಕ್ಕೆ ಬಂದೆ. ಪಕ್ಕದ ಊರು ವೂರ್‌ಬರ್ಗ್‌ನಲ್ಲಿ ಉಡುಪಿ ಕಡೆಯ ಒಂದು ಸಂಸಾರ ಮಾಳಿಗೆಯ ಕೋಣೆ ಬಾಡಿಗೆಗೆ ಕೊಡುತ್ತದೆ ಎಂದು ಯಾರೋ ಹೇಳಿದರು. ಮೊದಲ ದಿನ ನಾನು 'ಸಾರ್' ಅಂದಾಗ ಅವರು ಬಲಗಿವಿ ತಿರುಗಿಸಿ ಕೇಳಿಸಿಕೊಂಡು, "ಇದು ಆಫೀಸಲ್ಲ ಮಾರಾಯ್ತಿ. ಮಾವ ಅಂತ ಹೇಳಿ, ಸಾಕು" ಅಂದರು. ಆವತ್ತಿನಿಂದ ಮಾವ.

ಅವರದು ಕಡಿಮೆ ಮಾತು. ಏನು ಕೇಳಿದರೂ "ನೋಡುವ" ಅನ್ನುತ್ತಿದ್ದರು. ಹೀಟರ್ ಕೆಟ್ಟಿದೆ ಎಂದರೆ "ನೋಡುವ", ಊರಿಗೆ ಯಾವಾಗ ಹೋಗುತ್ತೀರಿ ಎಂದರೆ "ನೋಡುವ". ಆದರೆ ನೋಡದೇ ಬಿಟ್ಟದ್ದಿಲ್ಲ. ಸಂಜೆ ಬರುವಷ್ಟರಲ್ಲಿ ಹೀಟರ್ ಬಿಸಿಯಾಗಿರುತ್ತಿತ್ತು. ಪ್ಯಾಂಟಿನ ತುದಿಗೆ ರಬ್ಬರ್ ಬ್ಯಾಂಡ್ ಬಿಗಿದು ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಹೋಗುತ್ತಿದ್ದರು. ಭಾನುವಾರ ನೀರುದೋಸೆ ಅವರೇ ಹುಯ್ಯುತ್ತಿದ್ದರು. ನನ್ನ ಕೋಣೆಗೆ ಒಂದು ದಿನವೂ ಹತ್ತಿ ಬಂದವರಲ್ಲ. ಕೆಳಗಿನ ಮೆಟ್ಟಿಲಲ್ಲಿ ನಿಂತು ಎರಡು ಸಲ ಕೆಮ್ಮುತ್ತಿದ್ದರು, ದೋಸೆ ಆಯಿತು ಎಂದು ಅದರ ಅರ್ಥ.

ಅವರಿಗೆ ಒಬ್ಬಳೇ ಮಗಳು, ಹದಿನೈದು ವರ್ಷದವಳು. ಅಪ್ಪನೊಂದಿಗೆ ತುಳು, ನನ್ನೊಂದಿಗೆ ಇಂಗ್ಲಿಷ್, ಬೀದಿಯಲ್ಲಿ ಡಚ್. ಶಾಲೆಯಲ್ಲಿ ಅವಳಿಗೊಬ್ಬಳು ಜಪಾನಿನ ಗೆಳತಿಯಿದ್ದಳು. ಅವಳಿಂದ ಈ ಹುಡುಗಿಗೆ ಜಪಾನಿ ಭಾಷೆಯ ಹುಚ್ಚು ಹಿಡಿದು, ಗೆಳತಿ ತನ್ನ ದೇಶಕ್ಕೆ ಮರಳಿದ ಮೇಲೂ ಅದು ಬಿಡಲಿಲ್ಲ. ಅಲ್ಲಿನ ಒಬ್ಬ ಹಾಡುಗಾರ್ತಿಯ ಸಿ.ಡಿ.ಗಳು ಪಾರ್ಸೆಲ್ಲಿನಲ್ಲಿ ಬರುತ್ತಿದ್ದವು. ಇಪ್ಪತ್ತು ದಾಟಿರದ, ದುಂಡು ಮುಖದ ಹುಡುಗಿ. ಅವಳ ದೊಡ್ಡ ಚಿತ್ರವೊಂದು ಇವಳ ಕೋಣೆಯ ಗೋಡೆಯ ಮೇಲಿತ್ತು.

ನಾನು ಹೋದ ಎರಡನೆಯ ವರ್ಷ ಅತ್ತೆಗೆ ಕಾಯಿಲೆಯಾಯಿತು. ಹೊಟ್ಟೆಯಲ್ಲಿ ಗಡ್ಡೆ, ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಮಾವ ಈ ವಿಷಯ ನನಗೆ ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದಿನಲ್ಲಿ ಹೇಳಿದರು. ಮಗಳಿಗೆ ಮಾತ್ರ ಹುಣ್ಣು ಎಂದರು. ಆಪರೇಷನ್ ಆದರೆ ಸರಿಯಾಗುತ್ತದೆ, ನಿನ್ನ ಪರೀಕ್ಷೆ ಮುಗಿಯುವುದರೊಳಗೆ ಅಮ್ಮ ಮನೆಗೆ ಬರುತ್ತಾಳೆ ಎಂದರು. ಆ ಹುಡುಗಿ ಅದನ್ನು ನಂಬಿ, ಆಸ್ಪತ್ರೆಗೆ ಹೋದಾಗಲೆಲ್ಲ ಅಮ್ಮನಿಗೆ ಶಾಲೆಯ ಕಥೆ ಹೇಳಿ ನಗಿಸಿ ಬರುತ್ತಿದ್ದಳು. ಪರೀಕ್ಷೆಯ ವಾರದಲ್ಲೇ ಅತ್ತೆ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿಸಿ ಮನೆಗೆ ಬಂದ ಸಂಜೆ, ಬೂಟು ಬಿಚ್ಚುತ್ತಿದ್ದ ಅಪ್ಪನ ಮುಂದೆ ನಿಂತು ಅವಳು, "ನಿಮಗೆ ಗೊತ್ತಿತ್ತು" ಎಂದಳು. ಮಾವ ತಲೆಯೆತ್ತಲಿಲ್ಲ. ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳು ಅಪ್ಪನೊಂದಿಗೆ ಮಾತು ಬಿಟ್ಟದ್ದು ಅಲ್ಲಿಂದಲೇ ಎಂದು ನಮಗೆ ಗೊತ್ತಾಗಲು ಕೆಲವು ವಾರಗಳೇ ಬೇಕಾದವು.

ಮೊದಲು ಶಾಲೆ ನಿಂತಿತು. ಆಮೇಲೆ ಮಾತು. ಆಮೇಲೆ ಊಟ. ಬಾಗಿಲ ಹೊರಗೆ ಇಟ್ಟ ತಟ್ಟೆ ಹಾಗೆಯೇ ಇರುತ್ತಿತ್ತು, ಎಂದಾದರೂ ಒಂದು ಮೂಲೆ ಕದಡಿರುತ್ತಿತ್ತು. ಸ್ನಾನಕ್ಕೆಂದು ಹೊರಬಂದಾಗ ಅವಳ ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು. ನನ್ನ ಕೋಣೆಯ ನೆಲದ ಹಲಗೆಗಳ ಸಂದಿನಿಂದ ಆ ಜಪಾನಿ ಹಾಡುಗಾರ್ತಿಯ ಹಾಡು ಮೇಲಕ್ಕೆ ಬರುತ್ತಲೇ ಇರುತ್ತಿತ್ತು. ಹಾಡು ಕೇಳಿಸುತ್ತಿದ್ದರೆ ಒಂದು ಧೈರ್ಯ. ನಿಂತರೆ ಮಾವ ಓಡಿಹೋಗಿ ಬಾಗಿಲಿಗೆ ಬಲಗಿವಿ ಒತ್ತಿ ನಿಲ್ಲುತ್ತಿದ್ದರು.

ಬಡಾವಣೆಯ ಡಾಕ್ಟರು ಬಂದು, ದುಃಖಕ್ಕೆ ಸಮಯ ಬೇಕು ಎಂದರು. ಇನ್ನೊಮ್ಮೆ ಬಂದು, ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಲೇಬೇಕು, ಅವಳು ಒಪ್ಪದಿದ್ದರೆ ಬಲವಂತವಾಗಿಯಾದರೂ, ಎಂದರು. ಉಡುಪಿಯಿಂದ ಫೋನು ಮಾಡುವವರು ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರು. ಮಾವ ಎಲ್ಲರಿಗೂ "ಆಯ್ತು" ಎನ್ನುತ್ತಿದ್ದರು. "ನೋಡುವ" ಎನ್ನುವುದನ್ನು ಬಿಟ್ಟುಬಿಟ್ಟಿದ್ದರು.

ಒಂದು ದಿನ ನಾನು ಕೆಲಸ ಮುಗಿಸಿ ಬಂದಾಗ ಅವರು ಅಡುಗೆಮನೆಯಲ್ಲಿ ನಿಂತೇ ಮಗಳ ತಟ್ಟೆಯ ತಣ್ಣಗಾದ ಅನ್ನ ತಿನ್ನುತ್ತಿದ್ದರು.

"ಬಿಸಿ ಮಾಡ್ಕೊಡ್ಲಾ ಮಾವ?"

"ಬೇಡ. ಇಷ್ಟೇ ನನಗೆ ಇಳಿಯುವುದು" ಎಂದರು. ಅವರ ಬೆಲ್ಟಿಗೆ ಹೊಸ ತೂತು ಕೊರೆದದ್ದು ಆಗ ಕಣ್ಣಿಗೆ ಬಿತ್ತು.

ಆ ಜಪಾನಿ ಗೆಳತಿಯ ಮನೆಯಲ್ಲಿ ಮಗಳು ಏನೋ ಅಕ್ಕಿಯ ಬಿಸ್ಕತ್ತು ತಿನ್ನುತ್ತಿದ್ದಳು ಎಂದು ನೆನಪಾಗಿ, ಮಾವ ಅದನ್ನು ಹುಡುಕಿಕೊಂಡು ಆಮ್ಸ್ಟರ್‌ಡ್ಯಾಮಿನ ಪಕ್ಕದ, ಜಪಾನಿನವರು ಹೆಚ್ಚಾಗಿರುವ ಒಂದು ಬಡಾವಣೆಗೆ ಹೋದರು. ಒಣಮೀನಿನ ವಾಸನೆಯ ಅಂಗಡಿಯೊಳಗೆ ಮೂಗು ಮುಚ್ಚದೆ ನಿಂತು ಬಿಸ್ಕತ್ತು ಕೊಳ್ಳುವಾಗ ಗಾಜಿನ ಮೇಲೆ ಅಂಟಿಸಿದ್ದ ಚಿತ್ರ ಕಂಡಿತು. ಮಗಳ ಗೋಡೆಯ ಮೇಲಿನ ಅದೇ ಮುಖ. ಅಂಗಡಿಯ ಹೆಂಗಸು ವಿವರಿಸಿದಳು: ಈ ಹುಡುಗಿ ಟ್ಯೂಲಿಪ್ ಹೊಲಗಳಲ್ಲಿ ಫೋಟೊ ತೆಗೆಸಿಕೊಳ್ಳಲು ಬರುತ್ತಿದ್ದಾಳೆ, ಇಲ್ಲಿನ ಒಂದು ಹೋಟೆಲಿನಲ್ಲಿ ಅಭಿಮಾನಿಗಳ ಕೈಕುಲುಕುತ್ತಾಳೆ, ಹೊಸ ಸಿ.ಡಿ. ಕೊಂಡರೆ ಒಂದು ಚೀಟಿ ಕೊಡುತ್ತೇವೆ, ಒಂದು ಚೀಟಿಗೆ ಒಬ್ಬರು.

ಮಾವ ಎರಡು ಕೊಂಡುಬಂದರು. ಮನೆಗೆ ಬಂದವರ ಮುಖ ನೋಡಿ ನನಗೆ ಭಯವೇ ಆಯಿತು. ಅಷ್ಟು ಆಸೆ ಇತ್ತು ಆ ಮುಖದಲ್ಲಿ. ಒಂದು ಚೀಟಿಯನ್ನು ಬಾಗಿಲ ಅಡಿಯಿಂದ ತೂರಿಸಿ, "ಅವಳು ಇಲ್ಲಿಗೇ ಬರ್ತಾಳಂತೆ ಮಗಾ. ನಾವಿಬ್ಬರೂ ಹೋಗುವ. ನೀನು ನನ್ನ ಹತ್ರ ಮಾತಾಡ್ಬೇಕು ಅಂತಿಲ್ಲ" ಎಂದರು. ಒಳಗೆ ಹಾಡು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಚೀಟಿ ಹೊರಗೆ ಬರಲಿಲ್ಲ.

ಹಾಡುಗಾರ್ತಿ ಬರುವ ದಿನ ಬೆಳಿಗ್ಗೆ ಮಾವ ಸೂಟು ಹಾಕಿಕೊಂಡು ಬಾಗಿಲ ಮುಂದೆ ನಿಂತು "ಬಾಕಿಲ್ ದೆಪ್ಪು ಮಗಾ" ಎಂದು ತುಳುವಿನಲ್ಲಿ ಬೇಡಿಕೊಂಡರು. ಬಾಗಿಲು ತೆಗೆ ಎಂದು. ತೆಗೆಯಲಿಲ್ಲ. ಎರಡು ರೈಲು ತಪ್ಪಿದವು. ಕೊನೆಗೆ ನನ್ನ ಕಡೆ ತಿರುಗಿ, "ನೀನು ಬರ್ತೀಯಾ? ಒಬ್ಬನೇ ಹೋದ್ರೆ ಅಲ್ಲಿ ನನ್ನನ್ನು ಎಂತ ತಿಳ್ಕೊಳ್ತಾರೋ" ಎಂದರು. ಪಕ್ಕದ ಮನೆಯ ಡಚ್ ಅಜ್ಜಿಯನ್ನು ಕರೆದು ಕೆಳಗೆ ಕೂರಿಸಿ ನಾವು ಹೊರಟೆವು.

ಅವರ ಕೋಟಿನ ಜೇಬಿನಲ್ಲಿ ಒಂದು ಸಣ್ಣ ಟೇಪ್‌ರೆಕಾರ್ಡರ್ ಇತ್ತು. ಆ ಹಾಡುಗಾರ್ತಿಯ ಬಾಯಿಂದ 'ಊಟ ಮಾಡು' ಎಂದು ಒಂದು ಮಾತು ಹೇಳಿಸಿ ತರುವುದು ಅವರ ಯೋಚನೆ. ಅದಕ್ಕಾಗಿ ಅಂಗಡಿಯ ಹೆಂಗಸಿನಿಂದ ಒಂದು ವಾಕ್ಯ ಕಲಿತಿದ್ದರು: ಮುಸುಮೆ ಗಾ ತಾಬೆಮಾಸೆನ್. ನನ್ನ ಮಗಳು ಊಟ ಮಾಡುವುದಿಲ್ಲ. ರೈಲಿನಲ್ಲಿ ಇಡೀ ದಾರಿ ಕಣ್ಣು ಮುಚ್ಚಿ, ತುಟಿಯಲ್ಲೇ ಜಪದ ಹಾಗೆ ಅದನ್ನು ಹೇಳಿಕೊಳ್ಳುತ್ತಿದ್ದರು. ಕಿಟಕಿಯಾಚೆ ಹಾರ್ಲೆಮ್ ಕಡೆಯ ಹೊಲಗಳಲ್ಲಿ ಕೆಂಪು, ಹಳದಿ ಪಟ್ಟೆಗಳು ಓಡುತ್ತಿದ್ದವು. ಅವರು ಒಮ್ಮೆಯೂ ನೋಡಲಿಲ್ಲ.

ಹೋಟೆಲಿನ ಆ ಹಾಲಿನಲ್ಲಿ ನಾವಿಬ್ಬರೇ ಹೊರಗಿನವರು. ಮಕ್ಕಳನ್ನು ಕರೆತಂದ ಜಪಾನಿ ಹೆಂಗಸರು, ಶಾಲೆಯ ಹುಡುಗಿಯರು, ಜೊತೆಗೆ ಇದಕ್ಕೆಂದೇ ಜಪಾನಿನಿಂದ ವಿಮಾನದಲ್ಲಿ ಬಂದ, ಒಂದೇ ಬಣ್ಣದ ಅಂಗಿ ತೊಟ್ಟ ಗಂಡಸರ ಒಂದು ಗುಂಪು. ಮಾವ ಎಲ್ಲರಿಗಿಂತ ಒಂದು ತಲೆ ಎತ್ತರ. ತಾಯಂದಿರು ಅವರನ್ನು ನೋಡಿ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಬಾಗಿಲಲ್ಲಿ ಕಪ್ಪು ಸೂಟಿನ ಯುವಕನೊಬ್ಬ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಮಾವನನ್ನು ನೋಡಿದ, ಮತ್ತೆ ಚೀಟಿಯನ್ನು ನೋಡಿದ. ಜೇಬು ತಡವಿ ಟೇಪ್‌ರೆಕಾರ್ಡರ್ ತೆಗೆದಿಟ್ಟುಕೊಂಡ. ರೆಕಾರ್ಡಿಂಗ್ ಕೂಡದು ಎಂದ. ಮಾವ ಇಂಗ್ಲಿಷಿನಲ್ಲಿ ಮಗಳ ವಿಷಯ ಹೇಳತೊಡಗಿದರು. ಅವನು ಬಗ್ಗಿ ವಂದಿಸಿ ಸಾಲನ್ನು ತೋರಿಸಿದ. ಚೀಟಿಯಿಲ್ಲದ ನನ್ನನ್ನು ಹೊರಹೋಗುವ ಬಾಗಿಲ ಹತ್ತಿರ ಗೋಡೆಗೆ ನಿಲ್ಲಿಸಿದರು.

ಅಲ್ಲಿಂದ ಮೇಜು ಹತ್ತಿರವೇ ಇತ್ತು. ಚಿತ್ರದಲ್ಲಿ ಕಂಡದ್ದಕ್ಕಿಂತ ಆ ಹುಡುಗಿ ಎಷ್ಟೋ ಚಿಕ್ಕವಳು. ಬಿಳಿ ಫ್ರಾಕು, ದಪ್ಪ ಪೌಡರು, ಅದರ ಅಡಿಯಲ್ಲಿ ನಿದ್ದೆಯಿಲ್ಲದ ಕಣ್ಣು. ಬಂದವರ ಕೈಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ, ನಗುತ್ತಾಳೆ, ಒಂದು ಮಾತು ಆಡುತ್ತಾಳೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತವನು ಬಂದವರ ಹೆಗಲಿಗೆ ಕೈ ಹಾಕಿ ಮುಂದಕ್ಕೆ ಸಾಗಿಸುತ್ತಾನೆ. ಮಾವನ ಹಿಂದೆ ನಿಂತಿದ್ದ, ಅವರದೇ ವಯಸ್ಸಿನ ಒಬ್ಬ ಜಪಾನಿ, ಅವರ ಕೈ ಬೆವರಿದ್ದನ್ನು ನೋಡಿ ತನ್ನ ಕರ್ಚೀಫು ಕೊಟ್ಟ. ಮಾವ ಒರೆಸಿಕೊಂಡರು. ತುಟಿ ಇನ್ನೂ ಜಪಿಸುತ್ತಲೇ ಇತ್ತು.

ಸರದಿ ಬಂತು. ಅವರು ಬಗ್ಗಿದರು, ಆ ಹುಡುಗಿ ಕೈ ಹಿಡಿದಳು. ಮಾವನ ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ. ಹೆಗಲ ಮೇಲೆ ಆಗಲೇ ಕೈ ಬಿತ್ತು. "ತಾಬೆಮಾಸೆನ್" ಎಂದು ಬಿಟ್ಟರು. "ತಾಬೆಮಾಸೆನ್, ತಾಬೆಮಾಸೆನ್."

ಹುಡುಗಿಯ ಮುಖದ ನಗು ಹೋಯಿತು. ಅವಳು ಮಾವನ ಮುಖವನ್ನು, ಕತ್ತಿನ ಸುತ್ತ ಸಡಿಲವಾದ ಕಾಲರನ್ನು ನೋಡಿದಳು. ಹೆಗಲಿನ ಕೈ ಅವರನ್ನು ಅಷ್ಟು ಹೊತ್ತಿಗೆ ಬಲಕ್ಕೆ ತಿರುಗಿಸಿತ್ತು. ಅವಳು ಮುಂದಕ್ಕೆ ಬಾಗಿ, ಮೆಲ್ಲನೆ, ಅವರ ಎಡಗಿವಿಯ ಹತ್ತಿರ ಏನೋ ಹೇಳಿದಳು. ಮಾವ ಕತ್ತು ಹೊರಳಿಸಿ ಬಲಗಿವಿ ಕೊಡುವುದರೊಳಗೆ ಅವಳ ಮುಂದೆ ಬೇರೆಯವರು ನಿಂತಿದ್ದರು.

"ಎಂತ ಹೇಳಿದಳು?" ಎಂದು ನನ್ನನ್ನು ಕೇಳಿದರು. "ನಿನಗೆ ಕೇಳಿಸ್ತಾ?"

"ತಾಬೆತೆ ಅಂತ ಏನೋ ಅಂದ ಹಾಗಿತ್ತು ಮಾವ. ಪೂರ್ತಿ ಗೊತ್ತಾಗ್ಲಿಲ್ಲ."

ಅವರು ತಿರುಗಿ ಮೇಜಿನ ಕಡೆಗೆ ನಡೆದೇಬಿಟ್ಟರು. ಇಬ್ಬರು ಅಡ್ಡ ಬಂದರು. "ಒಂದು ಸಲ. ಒಂದೇ ಸಲ. ನನ್ನ ಕಿವಿ ಸರಿ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಆ ಎತ್ತರದ ಮನುಷ್ಯ, ತಮ್ಮ ಕೈ ಕೆಳಗೆ ನೂರಾರು ಜನರನ್ನು ದುಡಿಸಿದವರು, ಮಗನ ವಯಸ್ಸಿನ ಹುಡುಗರ ಮುಂದೆ ಕೈ ಮುಗಿದರು. ಒಬ್ಬ ಹೆಂಗಸು ತನ್ನ ಮಗುವಿನ ಕಣ್ಣು ಮುಚ್ಚಿದಳು. ನಾನು ಅವರ ತೋಳು ಹಿಡಿದು ಹೊರಗೆ ಕರೆತಂದೆ. ಹೋಟೆಲಿನ ಮೆಟ್ಟಿಲ ಮೇಲೆ ಕುಳಿತು ಅವರು ಮೊಣಕಾಲಿಗೆ ಹಣೆ ಕೊಟ್ಟರು. ಅತ್ತೆ ಹೋದಾಗಲೂ ನಾನು ಅವರನ್ನು ಹಾಗೆ ಕಂಡಿರಲಿಲ್ಲ.

"ಇನ್ನು ನನ್ನ ಹತ್ರ ಎಂತದೂ ಇಲ್ಲ" ಎಂದರು.

ಮರಳುವ ರೈಲಿನಲ್ಲಿ ನಾನೇ ಹೇಳಿದೆ. "ಮಾವ, ಆ ಹುಡುಗಿ ನಿನಗೇ ಹೇಳಿ ಕಳಿಸಿದಳು ಅಂತ ಮಗಳಿಗೆ ಹೇಳಿಬಿಡಿ. ಊಟ ಮಾಡು, ಬೇಗ ಹುಷಾರಾಗು ಅಂದಳು ಅಂತ. ಒಳ್ಳೇದಕ್ಕೆ ತಾನೆ."

ಅವರು ಬಲಗಿವಿಯನ್ನು ನನ್ನ ಕಡೆ ಇಟ್ಟುಕೊಂಡೇ ಕೇಳಿಸಿಕೊಂಡರು. "ಒಳ್ಳೇದಕ್ಕೆ ಅಂತಲೇ ಒಮ್ಮೆ ಹೇಳಿದೆನಲ್ಲ, ಹುಣ್ಣು ಅಂತ" ಎಂದರು. "ಅವಳಿಗೆ ಅಮ್ಮನ ಹತ್ರ ಹೇಳ್ಲಿಕ್ಕೆ ಎಷ್ಟೋ ಇತ್ತು. ಶಾಲೆ ಕಥೆ ಹೇಳಿ ಮುಗಿಸಿಬಿಟ್ಟಳು. ಅದು ನನ್ನಿಂದ ಆದದ್ದು. ಇನ್ನೊಂದು ಸುಳ್ಳು ಹೇಳಿ ಅವಳು ಬದುಕಿದ್ರೂ ನನಗೆ ಬೇಡ." ಆಮೇಲೆ ಮುಖ ತಿರುಗಿಸಿ, "ಬೇಡ ಅಂತ ಹೇಗೆ ಹೇಳ್ಲಿ? ಬದುಕಿದ್ರೆ ಸಾಕು. ಆದ್ರೆ ನನಗೆ ಬಾಯಿ ಬರುವುದಿಲ್ಲ" ಎಂದರು.

ಮನೆಯಲ್ಲಿ ಹಾಡು ನಡೆಯುತ್ತಿತ್ತು. ಮಾವ ಕೋಟು ಕೂಡ ತೆಗೆಯದೆ ಅವಳ ಬಾಗಿಲ ಮುಂದೆ ನೆಲದ ಮೇಲೆ ಕುಳಿತರು. ನಾನು ಮೆಟ್ಟಿಲ ಮೇಲೆ ನಿಂತೆ. ಅವರು ತುಳುವಿನಲ್ಲಿ ಮಾತಾಡಿದರು. ಅಷ್ಟು ಹೊತ್ತಿಗಾಗಲೇ ನನಗೆ ತುಳು ಅರ್ಥವಾಗುತ್ತಿತ್ತು.

"ಮಗಾ, ಹೋಗಿ ಬಂದೆ. ಅವಳ ಕೈ ಹಿಡಿದೆ. ಪಾಪದ ಹುಡುಗಿ, ಕೈ ಮಂಜುಗಡ್ಡೆ ಹಾಗೆ ತಣ್ಣಗಿತ್ತು. ಎಂತದೋ ಹೇಳಿದಳು. ನನಗೆ ಕೇಳಿಸ್ಲಿಲ್ಲ. ನಿನಗೆ ತಂದುಕೊಡ್ಲಿಕ್ಕೆ ನನ್ನ ಹತ್ರ ಎಂತದೂ ಇಲ್ಲ."

ಹಾಡು ನಿಂತಿತು. ಒಳಗಿನಿಂದ, ಬಹಳ ದಿನ ಬಳಸದೆ ಇದ್ದ, ಒಡೆದ ಸ್ವರ ಬಂತು.

"ಯಾವ ಕಿವಿಗೆ ಹೇಳಿದಳು?"

ಮಾವ ನನ್ನ ಕಡೆ ನೋಡಿದರು. "ಎಡಗಿವಿಗೆ."

"ನೀವು ಏನು ಹೇಳಿದ್ರಿ?"

"ತಾಬೆಮಾಸೆನ್ ಅಂದೆ."

"ಅಷ್ಟೇನಾ? ಮುಸುಮೆ ಅಂತ ಹೇಳ್ಲಿಲ್ವಾ?"

"ಅದು ಮರೆತೇಹೋಯ್ತು."

ಆಮೇಲೆ, "ಬರೀ ತಾಬೆಮಾಸೆನ್ ಅಂದ್ರೆ ಮಗಳು ಅಂತ ಆಗೋದಿಲ್ಲ. ನಾನು ಊಟ ಮಾಡೋದಿಲ್ಲ ಅಂತ ಆಗ್ತದೆ. ನೀವು ನಿಮ್ಮ ವಿಷಯ ಹೇಳಿ ಬಂದಿದ್ದೀರಿ" ಎಂದಳು.

ಆಗ ನನಗೆ ಹೊಳೆಯಿತು. ಆ ಹಾಡುಗಾರ್ತಿ ಮಾವನ ಸಡಿಲ ಕಾಲರು ನೋಡಿದ್ದು, ಬಾಗಿ ಹೇಳಿದ್ದು ಮಾವನಿಗೇ. ನಾನು ಮೆಟ್ಟಿಲಿನಿಂದಲೇ, ತಾಬೆತೆ ಅನ್ನುವ ಹಾಗೆ ಕೇಳಿಸಿತ್ತು ಎಂದೆ. "ಊಟ ಮಾಡಿ ಅಂತ" ಎಂದು ಒಳಗಿನಿಂದ ಅವಳು ಅರ್ಥ ಹೇಳಿದಳು. ಆಮೇಲೆ ಕೇಳಿದಳು: "ನೀವು ಊಟ ಮಾಡ್ತಿಲ್ವಾ?"

ಮಾವ ಸುಳ್ಳು ಹೇಳಲಿಲ್ಲ. "ಇಲ್ಲ ಮಗಾ. ನೀನು ಬಿಟ್ಟದ್ದು ಎರಡು ತುತ್ತು, ಅಷ್ಟೇ." ಆಮೇಲೆ, ಬಾಗಿಲಿಗೆ ಅಂಗೈ ಒತ್ತಿ, ಅಷ್ಟು ತಿಂಗಳು ಹೇಳದ್ದನ್ನು ಹೇಳಿದರು. "ನಿನ್ನ ಅಮ್ಮ ಉಳಿಯುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ನಿನಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಹೇಳಿದ್ರೆ ನಿಜ ಆಗ್ತದೆ ಅಂತ ಹೆದರಿದೆ. ಅಮ್ಮನಿಗೂ ಇಷ್ಟ ಇರ್ಲಿಲ್ಲ ಸುಳ್ಳು ಹೇಳುವುದು. ನಾನೇ ಹಟ ಮಾಡಿದೆ."

ಒಳಗೆ ಅವಳು ಅಳತೊಡಗಿದಳು. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟೋ ಹೊತ್ತು ಅತ್ತಳು. ಮಾವ ಅಲ್ಲೇ ಕುಳಿತಿದ್ದರು. ಚಿಲಕ ಸರಿದು ಬಾಗಿಲು ತೆರೆದಾಗ ಅವಳು ಗೋಡೆ ಹಿಡಿದು ನಿಂತಿದ್ದಳು. ಅಪ್ಪನನ್ನು ತಬ್ಬಿಕೊಳ್ಳಲಿಲ್ಲ. "ಏಳಿ, ನೆಲ ತಣ್ಣಗಿದೆ" ಎಂದಳು.

ನಾನು ಗಂಜಿ ಬಿಸಿ ಮಾಡಿದೆ. ಇಬ್ಬರೂ ಅಡುಗೆಮನೆಯ ಮೇಜಿಗೆ ಎದುರುಬದುರು ಕುಳಿತರು. ಅವಳು ನಾಲ್ಕು ಚಮಚ ತಿಂದಿರಬಹುದು, ಆಮೇಲೆ ವಾಂತಿ ಮಾಡಿಕೊಂಡಳು. ಆದರೂ ಅಪ್ಪ ಬಟ್ಟಲು ಖಾಲಿ ಮಾಡುವವರೆಗೆ ಅವಳು ಎದ್ದು ಹೋಗಲಿಲ್ಲ.

ಅದರಿಂದ ಎಲ್ಲ ಸರಿಹೋಯಿತು ಎಂದರೆ ತಪ್ಪಾಗುತ್ತದೆ. ಮರುವಾರವೇ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆದರೆ ಯಾರೂ ಬಲವಂತ ಮಾಡಲಿಲ್ಲ. ಡಾಕ್ಟರು ಹೇಳಿದ್ದನ್ನು ಮಾವ ಒಂದಕ್ಷರ ಬಿಡದೆ ಅವಳಿಗೆ ಹೇಳಿದರು, ಅವಳು ಚೀಲ ಕಟ್ಟಿಕೊಂಡಳು. ಆ ಬೇಸಿಗೆಯಲ್ಲಿ ಎರಡು ಸಲ ಅವಳು ಕೈತಪ್ಪುತ್ತಾಳೆ ಅನ್ನಿಸಿತ್ತು. ಮಾವ ದಿನಾ ಸಂಜೆ ಟ್ರಾಮಿನಲ್ಲಿ ಹೋಗಿ, ಅವಳ ಮಂಚದ ಎಡಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬಲಗಿವಿ ಅವಳ ಕಡೆಗಿಟ್ಟು ಕೂರುತ್ತಿದ್ದರು. ಮರುವರ್ಷ ಅವಳು ಶಾಲೆಗೆ ಮರಳಿದಳು, ತನಗಿಂತ ಚಿಕ್ಕವರ ತರಗತಿಗೆ. ಅಷ್ಟರಲ್ಲಿ ನನ್ನ ಕೆಲಸ ಮುಗಿದು ನಾನು ಮೈಸೂರಿಗೆ ಹೊರಟೆ.

ಆಮೇಲೂ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನು ಮಾಡುತ್ತಿದ್ದರು. ಎಷ್ಟೋ ವರ್ಷಗಳಾದ ಮೇಲೆ ಹಬ್ಬವಲ್ಲದ ಒಂದು ದಿನ ಅವರ ಫೋನು ಬಂತು. ತಮ್ಮ ಶ್ವಾಸಕೋಶದಲ್ಲಿ ಏನೋ ಕಂಡಿದೆ, ಹೆಚ್ಚು ಕಾಲ ಇಲ್ಲ ಎಂದರು. "ಮಗಳಿಗೆ..." ಎಂದೆ.

"ಹೇಳಿಯಾಯ್ತು. ಡಾಕ್ಟರ ಕೋಣೆಯಲ್ಲೇ ಪಕ್ಕದಲ್ಲಿ ಕೂತಿದ್ದಳು. ಈಗ ಇಲ್ಲೇ ಇದ್ದಾಳೆ, ನನ್ನ ಜೊತೆ ಜಗಳ ಮಾಡ್ತಾ ಇದ್ದಾಳೆ."

ಮುಂದಿನ ಚಳಿಗಾಲದಲ್ಲಿ ಅವರು ಹೋದರು. ಹೇಳಬೇಕಾದ್ದನ್ನೆಲ್ಲ ಹೇಳಿಕೊಂಡೆವು ಎಂದು ಮಗಳು ನನಗೆ ಫೋನಿನಲ್ಲಿ ಹೇಳಿದಳು. ಅಳುತ್ತಲೇ, ಆದರೆ ನಿಧಾನವಾಗಿ.

ಎರಡು ವರ್ಷದ ಹಿಂದೆ ನನ್ನ ತಾಯಿಗೆ ಅತ್ತೆಯದಂಥದೇ ಕಾಯಿಲೆ ಬಂತು. ಮೈಸೂರಿನ ಆಸ್ಪತ್ರೆಯ ವರಾಂಡದಲ್ಲಿ ಅಣ್ಣ, ಅತ್ತಿಗೆ, ಚಿಕ್ಕಪ್ಪ ಸೇರಿ ಅಮ್ಮನಿಗೆ ಏನು ಹೇಳುವುದೆಂದು ಮಾತಾಡಿಕೊಳ್ಳುತ್ತಿದ್ದರು. ಗ್ಯಾಸ್ಟ್ರಿಕ್ ಎಂದು ಒಬ್ಬರು, ರಕ್ತ ಕಡಿಮೆ ಎಂದು ಇನ್ನೊಬ್ಬರು. ಎಲ್ಲರೂ ಒಳ್ಳೆಯವರೇ. ನಾನು ಆ ಮಾತಿನ ಮಧ್ಯದಿಂದ ಎದ್ದು ಒಳಗೆ ಹೋದೆ. ಮಾವನನ್ನು ಕಾಣದೆ ಇದ್ದಿದ್ದರೆ ಆ ಬಾಗಿಲು ದಾಟಲು ನನ್ನಿಂದ ಆಗುತ್ತಿರಲಿಲ್ಲ. ಮಂಚದ ಅಂಚಿಗೆ ಕುಳಿತು, "ಅಮ್ಮ, ರಿಪೋರ್ಟ್ ಬಂದಿದೆ" ಎಂದೆ.

ಅಮ್ಮ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಅಂತೂ ನೀನಾದ್ರೂ ಬಂದ್ಯಲ್ಲ" ಎಂದರು. "ಹೇಳು."